ಎರ್ಯಾಮನ್ ಮೈದಾನದ ಆ ಹೊಡೆತ: ರೆಫರಿ ಮೇಲಿನ ಹಲ್ಲೆಯ ಒಂದು ಪ್ರಕರಣ, ಅದರ ಕಾನೂನು

2023ರ ಡಿಸೆಂಬರ್ 11, ಸೋಮವಾರ ರಾತ್ರಿ. ಟರ್ಕಿಯ ರಾಜಧಾನಿ ಅಂಕಾರಾದ ಎರ್ಯಾಮನ್ ಕ್ರೀಡಾಂಗಣದಲ್ಲಿ ಅಲ್ಲಿನ ಅಗ್ರ ಫುಟ್‌ಬಾಲ್ ಲೀಗಿನ ಪಂದ್ಯ ನಡೆಯುತ್ತಿತ್ತು. ಆತಿಥೇಯ ತಂಡ ಅಂಕಾರಾಗುಜು, ಎದುರಾಳಿ ಕಪ್ಪು ಸಮುದ್ರ ತೀರದ ರಿಝೆಸ್ಪೋರ್. ಆತಿಥೇಯರು 14ನೇ ನಿಮಿಷಕ್ಕೇ ಗೋಲು ಹೊಡೆದು ಮುಂದೆ ಹೋದರು. ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ಅವರ ಆಟಗಾರ ಅಲಿ ಸೋವ್‌ಗೆ ಕೆಂಪು ಕಾರ್ಡ್ ಬಿತ್ತು. ಹತ್ತೇ ಮಂದಿಯಿಂದ ಅಷ್ಟು ಹೊತ್ತು ಕಾಪಾಡಿಕೊಂಡು ಬಂದ ಮುನ್ನಡೆ 97ನೇ ನಿಮಿಷದಲ್ಲಿ, ಇನ್ನೇನು ಪಂದ್ಯ ಮುಗಿಯಿತು ಎನ್ನುವಾಗ ಕೈತಪ್ಪಿತು. ರಿಝೆಸ್ಪೋರ್‌ನ ಅಡಾಲ್ಫೊ ಗೈಚ್ ಸಮಬಲದ ಗೋಲು ಹೊಡೆದರು. ಫಲಿತಾಂಶ 1–1.

ರೆಫರಿ ಹಲೀಲ್ ಉಮುತ್ ಮೆಲೆರ್ ಕೊನೆಯ ಸೀಟಿ ಊದಿದರು. ಕೂಡಲೇ ಅಂಕಾರಾಗುಜು ಕ್ಲಬ್ಬಿನ ಅಧ್ಯಕ್ಷ ಫಾರುಕ್ ಕೊಜಾ ಅಂಗಳಕ್ಕೆ ನುಗ್ಗಿ ನೇರ ರೆಫರಿಯತ್ತ ಹೋದರು, ಮುಖಕ್ಕೆ ಹೊಡೆದರು. ಮೆಲೆರ್ ನೆಲಕ್ಕುರುಳಿದರು. ಬಿದ್ದವರನ್ನು ಎತ್ತುವ ಬದಲು ಸುತ್ತ ನುಗ್ಗಿದವರಲ್ಲಿ ಕೆಲವರು ಒದೆಯತೊಡಗಿದರು. ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡು ಹುಲ್ಲಿನ ಮೇಲೆ ಮುದುಡಿ ಬಿದ್ದ ರೆಫರಿಯ ಚಿತ್ರ ಆ ರಾತ್ರಿಯೇ ಜಗತ್ತನ್ನು ಸುತ್ತಿತು. ಕೊನೆಗೆ ಪೊಲೀಸರ ರಕ್ಷಣೆಯಲ್ಲಿ ಅವರನ್ನು ಒಳಗೆ ಕರೆದೊಯ್ಯಲಾಯಿತು. ಎಡಗಣ್ಣು ಊದಿ ಮುಚ್ಚಿಹೋಗಿತ್ತು.

ಇಬ್ಬರೂ ಎಂಥವರು ಎಂಬುದು ಪ್ರಕರಣಕ್ಕೆ ಮುಖ್ಯ. ಮೆಲೆರ್ ಆಗ 37ರ ಹರೆಯದವರು. 2017ರಿಂದ ಫಿಫಾದ ಅಂತರರಾಷ್ಟ್ರೀಯ ರೆಫರಿಗಳ ಪಟ್ಟಿಯಲ್ಲಿದ್ದವರು, ಯುರೋಪಿನ ದೊಡ್ಡ ಪಂದ್ಯಗಳನ್ನು ನಡೆಸಿದವರು, ತಮ್ಮ ದೇಶದ ಅತ್ಯುತ್ತಮ ರೆಫರಿಗಳಲ್ಲಿ ಒಬ್ಬರು. ಕೊಜಾ ಅವರೂ ಗ್ಯಾಲರಿಯಿಂದ ಹಾರಿ ಬಂದ ಅನಾಮಿಕ ಅಭಿಮಾನಿಯಲ್ಲ. ಆಡಳಿತ ಪಕ್ಷದ ಮಾಜಿ ಸಂಸದ, ರಾಜಧಾನಿಯ ಹಳೆಯ ಕ್ಲಬ್ಬೊಂದರ ಅಧ್ಯಕ್ಷ. ಕುಡಿದ ಪ್ರೇಕ್ಷಕನೊಬ್ಬ, ಸೋತು ಸಿಟ್ಟಾದ ಹುಡುಗನೊಬ್ಬ ಹೊಡೆದಿದ್ದರೆ ಸಮಾಜ ಅದನ್ನು ಒಬ್ಬನ ತಲೆಕೆಟ್ಟತನ ಎಂದು ಬದಿಗಿಡುತ್ತಿತ್ತೇನೋ. ಇಲ್ಲಿ ಹೊಡೆದವರು ಕಾನೂನು ಮಾಡುವ ಸಭೆಯಲ್ಲಿ ಕೂತು ಬಂದವರು. ನಾನು ಈ ಪ್ರಕರಣವನ್ನು ಆರಿಸಿಕೊಂಡದ್ದಕ್ಕೆ ಅದೇ ಕಾರಣ. ಎಲ್ಲವೂ ಕ್ಯಾಮೆರಾದಲ್ಲಿದೆ, ಇಬ್ಬರೂ ಸಾರ್ವಜನಿಕ ವ್ಯಕ್ತಿಗಳು, ಮೊಕದ್ದಮೆ ತೀರ್ಪಿನವರೆಗೆ ಹೋಗಿದೆ. ರೆಫರಿಯ ಮೇಲಿನ ಹಲ್ಲೆಯನ್ನು ಕಾನೂನು ಹೇಗೆ ನೋಡಬಹುದು, ಎಲ್ಲಿಯವರೆಗೆ ಮಾತ್ರ ಅದರ ಕೈ ಚಾಚುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣಗಳು ಹೆಚ್ಚಿಲ್ಲ.

ಇಬ್ಬರ ಹೇಳಿಕೆ

ಆಸ್ಪತ್ರೆಯಲ್ಲಿ ತಪಾಸಣೆಯಾದಾಗ ಮೆಲೆರ್ ಅವರ ಎಡಗಣ್ಣಿನ ಸುತ್ತ ಸಣ್ಣ ರಕ್ತಸ್ರಾವ, ಜೊತೆಗೆ ಮೂಳೆಯಲ್ಲಿ ಬಿರುಕು ಕಂಡುಬಂತು. ಜೀವಕ್ಕೆ ಅಪಾಯವಿರಲಿಲ್ಲ. ಡಿಸೆಂಬರ್ 13ರಂದು ಮನೆಗೆ ಕಳಿಸಿದರು. ಆ ಮೂಳೆಯ ಬಿರುಕು ಮುಂದೆ ಮೊಕದ್ದಮೆಯಲ್ಲಿ ಎಷ್ಟು ತೂಕದ ಸಂಗತಿ ಎಂಬುದು ಕೆಳಗೆ ಗೊತ್ತಾಗುತ್ತದೆ.

ಪ್ರಾಸಿಕ್ಯೂಟರ್ ಮುಂದೆ ಮೆಲೆರ್ ಹೇಳಿದ್ದು ಹೀಗಿತ್ತು: ಕೊಜಾ ಎಡಗಣ್ಣಿನ ಕೆಳಗೆ ಗುದ್ದಿದರು, ತಾನು ಬಿದ್ದೆ, ಬಿದ್ದ ಮೇಲೆ ಬೇರೆಯವರು ಮುಖಕ್ಕೂ ಮೈಗೂ ಹಲವು ಸಲ ಒದ್ದರು, ಕೊಜಾ ತನ್ನನ್ನೂ ಸಹಾಯಕ ರೆಫರಿಗಳನ್ನೂ ಮುಗಿಸಿಬಿಡುತ್ತೇನೆ ಎಂದರು, ತನ್ನನ್ನೇ ಉದ್ದೇಶಿಸಿ ಕೊಲ್ಲುತ್ತೇನೆ ಎಂದರು.

ಕೊಜಾ ಅವರ ಹೇಳಿಕೆ ಬೇರೆ. ರೆಫರಿಯ ತಪ್ಪು ನಿರ್ಧಾರಗಳು, ಕೆರಳಿಸುವ ನಡವಳಿಕೆ ಇದಕ್ಕೆಲ್ಲ ಕಾರಣ. ತಾನು ಹೋದದ್ದು ಬೈಯಲು, ಮುಖಕ್ಕೆ ಉಗಿಯಲು. ಕೊಟ್ಟದ್ದು ಒಂದು ಕಪಾಳಮೋಕ್ಷ, ಅದರಿಂದ ಮೂಳೆ ಮುರಿಯುವುದಿಲ್ಲ. ಏಟು ಬಿದ್ದ ಮೇಲೂ ರೆಫರಿ ಕೆಲ ಕ್ಷಣ ನಿಂತೇ ಇದ್ದರು, ಆಮೇಲೆ ತಾವಾಗಿ ಬಿದ್ದರು. ಮರುದಿನವೇ ಅವರು ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಎಂಥ ಅನ್ಯಾಯವಾಗಿದ್ದರೂ ತನ್ನ ಹಿಂಸೆಗೆ ಅದು ಸಮರ್ಥನೆಯಾಗದು ಎಂಬ ಅರ್ಥದ ಕ್ಷಮಾಪಣೆಯನ್ನೂ ಹೊರಡಿಸಿದರು.

ಈ ಎರಡನ್ನೂ ಪಕ್ಕಪಕ್ಕ ಇಟ್ಟು ಓದಬೇಕು. ಜನರ ಮುಂದೆ ಬಂದ ಕ್ಷಮಾಪಣೆ ಹಿಂಸೆಯನ್ನು ಒಪ್ಪಿಕೊಳ್ಳುತ್ತದೆ. ತನಿಖೆಯ ಮುಂದೆ ಬಂದ ಹೇಳಿಕೆ ಅದನ್ನು ಕಿರಿದು ಮಾಡುತ್ತ ಹೋಗುತ್ತದೆ: ಗುದ್ದಲ್ಲ ಕಪಾಳಕ್ಕೆ ಹೊಡೆದದ್ದು, ಬೀಳಿಸಿದ್ದಲ್ಲ ಬಿದ್ದದ್ದು, ಕೆರಳಿದ್ದಲ್ಲ ಕೆರಳಿಸಿದ್ದು. ರೆಫರಿಗಳ ಮೇಲಿನ ಹಲ್ಲೆಯ ಪ್ರಕರಣಗಳಲ್ಲಿ ಈ ಧಾಟಿ ಎಲ್ಲ ಕಡೆಯೂ ಸಿಗುತ್ತದೆ. 'ಅವನ ತೀರ್ಪು ತಪ್ಪಾಗಿತ್ತು' ಎಂಬುದು ಪ್ರತಿವಾದದ ಮೊದಲ ವಾಕ್ಯ. ಇದಕ್ಕೆ ನನ್ನ ಉತ್ತರ ಇಷ್ಟೇ: ಮೆಲೆರ್ ಅಂದು ಕೊಟ್ಟ ಕೆಂಪು ಕಾರ್ಡ್ ಸರಿಯಿತ್ತೋ ತಪ್ಪಿತ್ತೋ ಎಂಬುದು ಈ ಪ್ರಕರಣದ ವಿಷಯವೇ ಅಲ್ಲ. ಆ ಚರ್ಚೆಗೆ ಇಳಿದ ಕೂಡಲೇ, ತೀರ್ಪು ತಪ್ಪಿದ್ದರೆ ಏಟು ಸ್ವಲ್ಪ ಕಡಿಮೆ ತಪ್ಪಾಗುತ್ತದೆ ಎಂದು ನಾವೇ ಒಪ್ಪಿಕೊಂಡಂತಾಗುತ್ತದೆ.

ರೆಫರಿ ಸರ್ಕಾರಿ ಸೇವಕನಾಗುವುದು ಯಾವಾಗ

ಆ ರಾತ್ರಿಯೇ ಟರ್ಕಿಯ ಫುಟ್‌ಬಾಲ್ ಫೆಡರೇಷನ್ನಿನ ಅಧ್ಯಕ್ಷ ಮೆಹ್ಮೆತ್ ಬುಯುಕೆಕ್ಶಿ ಎಲ್ಲ ಲೀಗ್‌ಗಳ ಪಂದ್ಯಗಳನ್ನೂ ಅನಿರ್ದಿಷ್ಟ ಕಾಲ ನಿಲ್ಲಿಸಿದರು. ರಾಷ್ಟ್ರಾಧ್ಯಕ್ಷ ಎರ್ಡೋಗಾನ್ ಖಂಡಿಸಿದರು. ಚಿಕಿತ್ಸೆಗೆಂದು ಆಸ್ಪತ್ರೆ ಸೇರಿದ್ದ ಕೊಜಾ ಅವರನ್ನು ವಶಕ್ಕೆ ಪಡೆದು, ಅವರನ್ನೂ ಇನ್ನಿಬ್ಬರನ್ನೂ ಡಿಸೆಂಬರ್ 12ರಂದು ಬಂಧಿಸಲಾಯಿತು. ನ್ಯಾಯಾಂಗ ಸಚಿವ ಯಿಲ್ಮಾಜ್ ತುಂಚ್ ಬಂಧನವನ್ನು ಪ್ರಕಟಿಸುವಾಗ ಹೇಳಿದ ಆರೋಪ: ಸಾರ್ವಜನಿಕ ಅಧಿಕಾರಿಗೆ ಗಾಯಪಡಿಸಿದ್ದು.

ಇಲ್ಲಿ ಓದುಗ ಒಂದು ಕ್ಷಣ ನಿಲ್ಲಬೇಕು. ಮೆಲೆರ್ ಸರ್ಕಾರಿ ನೌಕರರಲ್ಲ. ಹಾಗಿದ್ದರೂ ಅವರಿಗೆ ಬಿದ್ದ ಏಟು ಸಾರ್ವಜನಿಕ ಅಧಿಕಾರಿಗೆ ಬಿದ್ದ ಏಟು ಹೇಗಾಯಿತು? ಉತ್ತರ 2011ರ ಒಂದು ಕಾನೂನಿನಲ್ಲಿದೆ. ಕ್ರೀಡೆಯಲ್ಲಿ ಹಿಂಸೆ ಮತ್ತು ಅವ್ಯವಸ್ಥೆ ತಡೆಯಲು ಟರ್ಕಿ ಆ ವರ್ಷ ತಂದ 6222ನೇ ಸಂಖ್ಯೆಯ ಕಾಯ್ದೆ ಅದು. ಟಿಕೆಟ್, ಆಸನ, ಕ್ಯಾಮೆರಾ, ಪ್ರೇಕ್ಷಕರ ನಿಷೇಧ, ಅಂಗಳಕ್ಕೆ ಅಕ್ರಮ ಪ್ರವೇಶ ಇವೆಲ್ಲ ಅದರ ವ್ಯಾಪ್ತಿಗೆ ಬರುತ್ತವೆ. ಪಂದ್ಯದ ರೆಫರಿ, ವೀಕ್ಷಕ, ಫೆಡರೇಷನ್ ಪ್ರತಿನಿಧಿಗಳ ಮೇಲೆ ಅವರ ಕರ್ತವ್ಯಕ್ಕೆ ಸಂಬಂಧಿಸಿ ನಡೆಯುವ ಅಪರಾಧಗಳ ಮಟ್ಟಿಗೆ ಅವರನ್ನು ಸಾರ್ವಜನಿಕ ಅಧಿಕಾರಿಗಳೆಂದೇ ಭಾವಿಸಬೇಕು ಎಂದೂ ಅದು ಹೇಳುತ್ತದೆ. ಸಂಬಳ ಸರ್ಕಾರದ್ದಲ್ಲ, ನೇಮಕಾತಿ ಸರ್ಕಾರದ್ದಲ್ಲ, ಆದರೂ ಸೀಟಿ ಕೈಯಲ್ಲಿ ಹಿಡಿದಿರುವಷ್ಟು ಹೊತ್ತು ರಕ್ಷಣೆ ಸರ್ಕಾರಿ ಅಧಿಕಾರಿಯದೇ.

ಈ ಒಂದು ಸಾಲು ದಂಡಸಂಹಿತೆಯೊಳಗೆ ಹೋದಾಗ ಏನಾಗುತ್ತದೆ ನೋಡಿ. ಟರ್ಕಿಯ ದಂಡಸಂಹಿತೆಯ 86ನೇ ವಿಧಿ ಉದ್ದೇಶಪೂರ್ವಕ ಗಾಯಕ್ಕೆ ಸಂಬಂಧಿಸಿದ್ದು. ಘಟನೆ ನಡೆದಾಗ ಅದರ ಮೂಲ ಶಿಕ್ಷೆ 1ರಿಂದ 3 ವರ್ಷ ಸೆರೆ. ಸರಳ ಚಿಕಿತ್ಸೆಯಲ್ಲಿ ವಾಸಿಯಾಗುವ ಸಣ್ಣ ಗಾಯವಾದರೆ ಶಿಕ್ಷೆ ಇನ್ನೂ ಕಡಿಮೆ, ಅದೂ ಪೆಟ್ಟು ತಿಂದವರು ದೂರು ಕೊಟ್ಟರೆ ಮಾತ್ರ ಮೊಕದ್ದಮೆ. ಆದರೆ ಸಾರ್ವಜನಿಕ ಅಧಿಕಾರಿಯ ಮೇಲೆ ಅವನ ಕರ್ತವ್ಯದ ಕಾರಣಕ್ಕೆ ನಡೆದ ಹಲ್ಲೆಯಾದರೆ ಎರಡು ಬದಲಾವಣೆಗಳಾಗುತ್ತವೆ. ಶಿಕ್ಷೆ ಅರ್ಧದಷ್ಟು ಹೆಚ್ಚುತ್ತದೆ. ದೂರಿನ ಅಗತ್ಯವೇ ಬೀಳುವುದಿಲ್ಲ, ಪ್ರಾಸಿಕ್ಯೂಟರ್ ತಾನಾಗಿಯೇ ಮುಂದುವರಿಯಬಹುದು. 87ನೇ ವಿಧಿಯ ಪ್ರಕಾರ ಮೂಳೆ ಮುರಿದಿದ್ದರೆ ಅದರ ಪರಿಣಾಮ ನೋಡಿ ಶಿಕ್ಷೆ ಮತ್ತೂ ಏರುತ್ತದೆ. 'ಕಪಾಳಕ್ಕೆ ಹೊಡೆದರೆ ಮೂಳೆ ಮುರಿಯುವುದಿಲ್ಲ' ಎಂದು ಕೊಜಾ ಅಷ್ಟು ಒತ್ತಿ ಹೇಳಿದ್ದರ ಹಿಂದಿನ ಲೆಕ್ಕ ಇದು. ಆ ಬಿರುಕು ತನ್ನ ಏಟಿನಿಂದ ಆದದ್ದಲ್ಲ ಎಂದಾದರೆ ಆರೋಪದ ಒಂದು ಮೆಟ್ಟಿಲೇ ಇಳಿಯುತ್ತದೆ.

ದೂರು ಬೇಡ ಎಂಬ ಅಂಶವೇ ನನ್ನ ಕಣ್ಣಿಗೆ ಶಿಕ್ಷೆಯ ಪ್ರಮಾಣಕ್ಕಿಂತ ದೊಡ್ಡದು. ಪೆಟ್ಟು ತಿಂದ ರೆಫರಿ ಮುಂದಿನ ವಾರ ಅದೇ ಲೀಗಿನಲ್ಲಿ, ಅದೇ ಕ್ಲಬ್ಬುಗಳ ನಡುವೆ ಕೆಲಸ ಮಾಡಬೇಕಾದವನು. ದೂರು ಅವನ ಕೈಯಲ್ಲಿದ್ದರೆ ಅದನ್ನು ಹಿಂದೆಗೆಸಲು ಫೋನುಗಳು ಶುರುವಾಗುತ್ತವೆ. 'ಹಿರಿಯರು ಕ್ಷಮೆ ಕೇಳಿದ್ದಾರಲ್ಲ, ಬಿಟ್ಟುಬಿಡಿ' ಎನ್ನುವವರು ಮನೆಗೇ ಬರುತ್ತಾರೆ. ಕಾನೂನು ಆ ಹೊರೆಯನ್ನು ಅವನ ಹೆಗಲಿನಿಂದ ಇಳಿಸಿ ತಾನು ಹೊತ್ತುಕೊಂಡಿದೆ. ರಾಜಿ ಮಾಡಿಸಬೇಕೆಂದರೆ ಈಗ ರಾಜ್ಯದ ಜೊತೆ ಮಾತಾಡಬೇಕು.

ಫೆಡರೇಷನ್ನಿನ ಶಿಸ್ತು, ಅದರ ಭಾರ ಬಿದ್ದದ್ದು ಯಾರ ಮೇಲೆ

ನ್ಯಾಯಾಲಯಕ್ಕೆ ತಿಂಗಳುಗಳು ಬೇಕು, ಫೆಡರೇಷನ್ನಿನ ಶಿಸ್ತು ಮಂಡಳಿಗೆ ಮೂರು ದಿನ ಸಾಕಾಯಿತು. ಡಿಸೆಂಬರ್ 14ರಂದು ಕೊಜಾ ಅವರಿಗೆ ಫುಟ್‌ಬಾಲ್‌ನಿಂದ ಶಾಶ್ವತ ನಿಷೇಧ ಬಿತ್ತು. ಕ್ಲಬ್ಬಿಗೆ 20 ಲಕ್ಷ ಲಿರಾ ದಂಡ, ಜೊತೆಗೆ ತವರಿನ 5 ಪಂದ್ಯಗಳನ್ನು ಪ್ರೇಕ್ಷಕರಿಲ್ಲದೆ ಆಡುವ ಶಿಕ್ಷೆ. ಕ್ಲಬ್ಬಿನ ಇನ್ನು ಕೆಲವರ ಮೇಲೂ ಕ್ರಮವಾಯಿತು.

ಎರಡು ವ್ಯವಸ್ಥೆಗಳು ಒಂದೇ ಕೃತ್ಯವನ್ನು ಬೇರೆಬೇರೆ ಹಿಡಿಯುತ್ತವೆ. ನ್ಯಾಯಾಲಯ ಜೈಲಿಗೆ ಕಳಿಸಬಲ್ಲದು, ಆದರೆ ಕ್ಲಬ್ಬಿನ ಒಂದು ಅಂಕವನ್ನೂ ಕಳೆಯಲಾರದು. ಫೆಡರೇಷನ್ ಕ್ಲಬ್ಬಿನ ಬದುಕನ್ನೇ ತಡೆಯಬಲ್ಲದು, ಆದರೆ ಯಾರನ್ನೂ ಒಂದು ರಾತ್ರಿ ಠಾಣೆಯಲ್ಲಿ ಕೂರಿಸಲಾರದು. ಒಂದು ಇನ್ನೊಂದಕ್ಕೆ ಬದಲಿಯಲ್ಲ. ಶಾಶ್ವತ ನಿಷೇಧ ಬಿದ್ದಿದೆಯಲ್ಲ, ಇನ್ನು ಪೊಲೀಸ್ ಕೇಸು ಏಕೆ ಎಂಬ ವಾದವನ್ನು ಕ್ರೀಡಾ ಸಂಘಗಳು ಅನೇಕ ದೇಶಗಳಲ್ಲಿ ಮುಂದಿಡುತ್ತವೆ. ನಿಷೇಧ ಎಂದರೆ ಆ ಆಟದ ಮನೆಯಿಂದ ಹೊರಗೆ ಹಾಕುವುದು ಮಾತ್ರ. ಒಬ್ಬ ಮನುಷ್ಯನ ಮುಖದ ಮೂಳೆ ಮುರಿದದ್ದಕ್ಕೆ ಅದು ಉತ್ತರವಲ್ಲ.

ಖಾಲಿ ಗ್ಯಾಲರಿಯ ಶಿಕ್ಷೆಯ ಬಗ್ಗೆ ನನಗೆ ಸಮಾಧಾನವಿಲ್ಲ. ಅಂದು ಮೈದಾನಕ್ಕೆ ನುಗ್ಗಿ ಹೊಡೆದವರು ಅಧ್ಯಕ್ಷರು, ಅವರ ಹಿಂದಿದ್ದವರು. ಐದು ಪಂದ್ಯ ಮನೆಯಲ್ಲಿ ಕೂರಬೇಕಾದವರು ಟಿಕೆಟ್ ಕೊಂಡು ಬಂದು ಕಿರುಚಿ ಹೋಗುವ ಸಾಮಾನ್ಯ ಜನ. ಕ್ಲಬ್ಬಿನ ಆಡಳಿತ ತಪ್ಪಿದರೆ ಅಂಕ ಕಡಿತ ಹೆಚ್ಚು ನೇರವಾದ ಶಿಕ್ಷೆಯಾಗುತ್ತಿತ್ತು. ಆ ಋತುವಿನ ಕೊನೆಯಲ್ಲಿ ಅಂಕಾರಾಗುಜು ಹೇಗೂ ಕೆಳಗಿನ ಲೀಗಿಗೆ ಜಾರಿತು, ಆದರೆ ಅದು ಆಟದಲ್ಲಿ ಬಂದ ಗತಿ, ಶಿಸ್ತು ಮಂಡಳಿಯ ತೀರ್ಪಿನಿಂದ ಬಂದದ್ದಲ್ಲ.

ಎಂಟೇ ದಿನದಲ್ಲಿ

ಡಿಸೆಂಬರ್ 19ರಂದು ಲೀಗ್ ಮತ್ತೆ ಶುರುವಾಯಿತು. ಇಡೀ ದೇಶ ತಲೆತಗ್ಗಿಸಿ ನಿಂತು ಎಂಟು ದಿನವಾಗಿತ್ತಷ್ಟೆ. ಅದೇ ದಿನ ಇಸ್ತಾಂಬುಲ್‌ಸ್ಪೋರ್ ಮತ್ತು ಟ್ರಾಬ್ಜಾನ್‌ಸ್ಪೋರ್ ನಡುವಿನ ಪಂದ್ಯದಲ್ಲಿ, ತಮ್ಮ ತಂಡಕ್ಕೆ ಪೆನಾಲ್ಟಿ ಸಿಗಲಿಲ್ಲ, ಬದಲಿಗೆ ಎದುರಾಳಿ ಮುನ್ನಡೆ ಪಡೆದರು ಎಂಬ ಸಿಟ್ಟಿನಲ್ಲಿ ಇಸ್ತಾಂಬುಲ್‌ಸ್ಪೋರ್ ಅಧ್ಯಕ್ಷ ಅಂಗಳಕ್ಕಿಳಿದು ತಮ್ಮ ಆಟಗಾರರನ್ನು ಹೊರಗೆ ಕರೆದುಕೊಂಡು ಹೋದರು. ಪಂದ್ಯ ಅಲ್ಲಿಗೇ ನಿಂತಿತು. ಆಮೇಲೆ ಅದನ್ನು 3–0 ಅಂತರದಲ್ಲಿ ಎದುರಾಳಿಗೆ ಕೊಟ್ಟು, ಇಸ್ತಾಂಬುಲ್‌ಸ್ಪೋರ್‌ನ 3 ಅಂಕ ಕಡಿತ ಮಾಡಲಾಯಿತು. ಅಲ್ಲಿ ಯಾರ ಮೇಲೂ ಕೈ ಎತ್ತಲಿಲ್ಲ ಎಂಬುದು ನಿಜ. ಆದರೆ ರೆಫರಿಯ ತೀರ್ಪಿಗೆ ಕ್ಲಬ್ಬಿನ ಅಧ್ಯಕ್ಷ ಅಂಗಳಕ್ಕಿಳಿದು ಉತ್ತರ ಕೊಡಬಹುದು ಎಂಬ ನಂಬಿಕೆ ಒಂದು ಚೂರೂ ಅಲುಗಾಡಿರಲಿಲ್ಲ.

ಆ ನಂಬಿಕೆ ಹಿಂದಿನಿಂದ ಬಂದದ್ದು. 2015ರ ಅಕ್ಟೋಬರಿನಲ್ಲಿ ಟ್ರಾಬ್ಜಾನ್‌ಸ್ಪೋರ್ ತವರಿನಲ್ಲಿ ಗಾಜಿಯಾಂತೆಪ್‌ಸ್ಪೋರ್ ವಿರುದ್ಧ ಡ್ರಾ ಮಾಡಿಕೊಂಡಾಗ, ಪೆನಾಲ್ಟಿ ಕೊಡಲಿಲ್ಲವೆಂದು ಕ್ಲಬ್ಬಿನ ಆಗಿನ ಅಧ್ಯಕ್ಷ ಇಬ್ರಾಹಿಂ ಹಾಜಿಓಸ್ಮಾನೋಲು ರೆಫರಿಗಳನ್ನು ಗಂಟೆಗಟ್ಟಲೆ ಕ್ರೀಡಾಂಗಣದಿಂದ ಹೊರಗೆ ಬಿಡಲಿಲ್ಲ. ಎರ್ಡೋಗಾನ್ ಅವರ ಫೋನ್ ಬಂದ ಮೇಲಷ್ಟೇ ಬಾಗಿಲು ತೆರೆಯಿತು. ನಿಷೇಧ ಅನುಭವಿಸಿದ ಅದೇ ವ್ಯಕ್ತಿ 2024ರ ಜುಲೈನಲ್ಲಿ ದೇಶದ ಫುಟ್‌ಬಾಲ್ ಫೆಡರೇಷನ್ನಿಗೇ ಅಧ್ಯಕ್ಷರಾಗಿ ಚುನಾಯಿತರಾದರು. 2016ರ ಏಪ್ರಿಲ್‌ನಲ್ಲಿ ಟ್ರಾಬ್ಜಾನ್‌ಸ್ಪೋರ್ ಮತ್ತು ಫೆನರ್ಬಾಚೆ ಪಂದ್ಯದ ಕೊನೆಯ ಗಳಿಗೆಯಲ್ಲಿ ಗ್ಯಾಲರಿಯಿಂದ ಹಾರಿ ಬಂದ ಹುಡುಗನೊಬ್ಬ ಗೋಲಿನ ಪಕ್ಕ ನಿಂತಿದ್ದ ಹೆಚ್ಚುವರಿ ಸಹಾಯಕ ರೆಫರಿಯನ್ನು ನೆಲಕ್ಕೆ ಕೆಡವಿ ಹೊಡೆದ. ಪಂದ್ಯವನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಟರ್ಕಿಯ ದೊಡ್ಡ ಕ್ಲಬ್ಬುಗಳ ರಚನೆಯನ್ನು ನೋಡಿದರೆ ಇದರ ಬೇರು ಸ್ವಲ್ಪ ಕಾಣುತ್ತದೆ. ಅಲ್ಲಿ ಕ್ಲಬ್ ಎಂದರೆ ಸದಸ್ಯರ ಸಂಘ, ಅಧ್ಯಕ್ಷನನ್ನು ಸದಸ್ಯರು ಮತ ಹಾಕಿ ಆರಿಸುತ್ತಾರೆ. ತಂಡ ಸೋತಾಗ ಸದಸ್ಯರ ಸಿಟ್ಟು ಕೋಚ್ ಮೇಲೆ ಬೀಳಬಹುದು, ಆಟಗಾರರ ಮೇಲೆ ಬೀಳಬಹುದು, ಅವರನ್ನು ತಂದ ಅಧ್ಯಕ್ಷನ ಮೇಲೂ ಬೀಳಬಹುದು. ರೆಫರಿಯ ಮೇಲೆ ಬಿದ್ದರೆ ಉಳಿದವರೆಲ್ಲ ಬಚಾವು. ಹೀಗಾಗಿ ವಾರವಾರವೂ ಪತ್ರಿಕಾಗೋಷ್ಠಿಗಳಲ್ಲಿ, ಕ್ಲಬ್ಬುಗಳ ಅಧಿಕೃತ ಖಾತೆಗಳಲ್ಲಿ, ತಡರಾತ್ರಿಯ ಟಿ.ವಿ. ಚರ್ಚೆಗಳಲ್ಲಿ ರೆಫರಿಯನ್ನು ಪಕ್ಷಪಾತಿ, ಮಾರಿಕೊಂಡವನು ಎಂದು ಕರೆಯುವುದು ರೂಢಿಯಾಗಿಹೋಯಿತು. ಕೊಜಾ ಅವರ ಏಟಿನ ಹೊಣೆ ಕೊಜಾ ಅವರದೇ, ಅದನ್ನು ಯಾರ ಮೇಲೂ ಹಂಚಲಾಗದು. ಆದರೆ ಒಬ್ಬ ಮಾಜಿ ಸಂಸದ ಸಾವಿರಾರು ಜನರ ಎದುರು, ಕ್ಯಾಮೆರಾಗಳ ಎದುರು ಅಷ್ಟು ನಿಶ್ಚಿಂತೆಯಿಂದ ನಡೆದುಹೋಗಿ ಹೊಡೆಯಲು ಸಾಧ್ಯವಾದದ್ದು, ರೆಫರಿಗೆ ಏಟು ತಕ್ಕದ್ದೇ ಎಂದು ವರ್ಷಗಟ್ಟಲೆ ಹೇಳಿಸಿಕೊಂಡು ಬಂದ ವಾತಾವರಣದಿಂದ.

ಇದಕ್ಕೂ ಆ 2011ರ ಕಾನೂನಿನಲ್ಲಿ ಕಲಮು ಇದೆ. ಕ್ರೀಡೆಯಲ್ಲಿ ಹಿಂಸೆಗೆ ಉತ್ತೇಜನ ಕೊಡುವಂಥ ಹೇಳಿಕೆಗಳನ್ನು ಮಾಧ್ಯಮದಲ್ಲಿ ಕೊಟ್ಟರೆ ದಂಡ ವಿಧಿಸಬಹುದು, ಕ್ಲಬ್ಬಿನ ಪದಾಧಿಕಾರಿಗಳು ಹಾಗೆ ಮಾತಾಡಿದರೆ ದಂಡ ಹೆಚ್ಚು. ಆದರೆ ಅದು ಆಡಳಿತಾತ್ಮಕ ದಂಡ, ಹಣದ ಲೆಕ್ಕ. ಕೋಟಿಗಟ್ಟಲೆ ವ್ಯವಹಾರದ ಕ್ಲಬ್ಬುಗಳಿಗೆ ಅದು ಪಂದ್ಯದ ಖರ್ಚಿನಲ್ಲಿ ಸೇರಿಹೋಗುವ ಮೊತ್ತ. ನನ್ನ ಅಭಿಪ್ರಾಯದಲ್ಲಿ ಈ ಪ್ರಕರಣದ ದುರ್ಬಲ ಕೊಂಡಿ ಇಲ್ಲೇ ಇದೆ: ಏಟಿಗೆ ಜೈಲು ಸಿದ್ಧವಿದ್ದ ಕಾನೂನಿನಲ್ಲಿ, ಆ ಏಟಿಗೆ ಮೊದಲು ಬರುವ ಮಾತಿಗೆ ತಕ್ಕ ತಡೆ ಇರಲಿಲ್ಲ.

ಟರ್ಕಿಯ ರೆಫರಿಗಳೆಲ್ಲ ನಿಷ್ಕಳಂಕರು ಎಂದು ಹೇಳಲು ಹೊರಟಿಲ್ಲ. 2025ರ ಅಕ್ಟೋಬರಿನಲ್ಲಿ ಫೆಡರೇಷನ್ನೇ ಬಹಿರಂಗಪಡಿಸಿದ ಪ್ರಕಾರ ಅಲ್ಲಿನ 571 ರೆಫರಿಗಳಲ್ಲಿ 371 ಮಂದಿಗೆ ಬೆಟ್ಟಿಂಗ್ ಖಾತೆಗಳಿದ್ದವು, 152 ಮಂದಿ ಸಕ್ರಿಯವಾಗಿ ಬಾಜಿ ಕಟ್ಟುತ್ತಿದ್ದರು. ಅದು ದೊಡ್ಡ ದ್ರೋಹ. ಆದರೆ ಅದನ್ನು ಹೊರತೆಗೆದದ್ದು ದಾಖಲೆ ಹಿಡಿದು ಮಾಡಿದ ತನಿಖೆ. ಮೈದಾನದಲ್ಲಿ ಬಿದ್ದ ಯಾವ ಗುದ್ದೂ, ಬೀಗ ಹಾಕಿದ ಯಾವ ಬಾಗಿಲೂ ಇಂಥದ್ದೊಂದನ್ನು ಹೊರತಂದಿಲ್ಲ.

ತೀರ್ಪು

ಕೊಜಾ ಅವರ ವಿಚಾರಣಾ ಪೂರ್ವ ಬಂಧನ ಬಹುಕಾಲ ನಡೆಯಲಿಲ್ಲ. 2023 ಮುಗಿಯುವ ಮೊದಲೇ, ಡಿಸೆಂಬರ್ 27ರಂದು ಬಿಡುಗಡೆಯಾಯಿತು. ಮೊಕದ್ದಮೆ ಮುಂದುವರಿಯಿತು. 2024ರ ನವೆಂಬರಿನಲ್ಲಿ ಅಂಕಾರಾದ ನ್ಯಾಯಾಲಯ ಸಾರ್ವಜನಿಕ ಅಧಿಕಾರಿಗೆ ಉದ್ದೇಶಪೂರ್ವಕವಾಗಿ ಗಾಯಪಡಿಸಿದ ಅಪರಾಧಕ್ಕೆ ಅವರಿಗೆ 3 ವರ್ಷ 7 ತಿಂಗಳ ಸೆರೆಶಿಕ್ಷೆ ವಿಧಿಸಿತು. ಹಲ್ಲೆಯಲ್ಲಿ ಪಾಲ್ಗೊಂಡ ಇನ್ನು ಮೂವರಿಗೆ 1ರಿಂದ 5 ವರ್ಷದವರೆಗಿನ ಶಿಕ್ಷೆಯಾಯಿತು.

ಹನ್ನೊಂದು ತಿಂಗಳಲ್ಲಿ ಕೆಳಹಂತದ ತೀರ್ಪು ಬಂದದ್ದನ್ನು ನಮ್ಮ ನ್ಯಾಯಾಲಯಗಳ ವೇಗ ಬಲ್ಲವರು ಗಮನಿಸಬೇಕು. ಮೂರು ಸಂಗತಿಗಳು ಇದಕ್ಕೆ ನೆರವಾದವು ಎಂದು ನನಗನಿಸುತ್ತದೆ: ಹಲವು ಕೋನಗಳ ದೃಶ್ಯ ಕೈಯಲ್ಲಿತ್ತು, ಗಾಯದ ವೈದ್ಯಕೀಯ ವರದಿ ಆ ರಾತ್ರಿಯದೇ ಆಗಿತ್ತು, ಆರೋಪದ ಸ್ವರೂಪ ಮೊದಲ ದಿನದಿಂದಲೂ ಸ್ಪಷ್ಟವಿತ್ತು. ರೆಫರಿ ಕೆರಳಿಸಿದರು ಎಂಬ ವಾದ ಕೊಜಾ ಅವರನ್ನು ಖುಲಾಸೆಯತ್ತ ಒಯ್ಯಲಿಲ್ಲ. ಒದ್ದವರನ್ನು ಗುಂಪಿನಲ್ಲಿ ಕಳೆದುಹೋಗಲು ಬಿಡದೆ ಗುರುತಿಸಿ ಶಿಕ್ಷಿಸಿದ್ದು ಕೂಡ ಮುಖ್ಯ. ಮೊದಲ ಏಟು ಹೊಡೆದವನ ಹೆಸರಷ್ಟೇ ಸುದ್ದಿಯಾಗುತ್ತದೆ. ಬಿದ್ದವನ ತಲೆಗೆ ಬೂಟುಗಾಲಿನಿಂದ ಒದೆಯುವುದು ಎಷ್ಟೋ ಸಲ ಮೊದಲ ಏಟಿಗಿಂತ ಅಪಾಯಕಾರಿ. ನೆದರ್ಲೆಂಡ್ಸ್‌ನ ಆಲ್ಮೆರೆ ಪಟ್ಟಣದಲ್ಲಿ 2012ರ ಡಿಸೆಂಬರಿನಲ್ಲಿ ನಡೆದದ್ದು ಅದೇ. ಮಗ ಆಡುತ್ತಿದ್ದ ಕಿರಿಯರ ಪಂದ್ಯಕ್ಕೆ ಸ್ವಯಂಸೇವಕರಾಗಿ ಲೈನ್ಸ್‌ಮನ್ ಆಗಿ ನಿಂತಿದ್ದ ತಂದೆಯೊಬ್ಬರನ್ನು ಎದುರಾಳಿ ತಂಡದ ಹುಡುಗರು ಬೀಳಿಸಿ ಒದ್ದರು. ಮರುದಿನ ಅವರು ತೀರಿಕೊಂಡರು. ಮುಂದಿನ ವರ್ಷ ನ್ಯಾಯಾಲಯ ಆರು ಹುಡುಗರನ್ನೂ, ಅವರಲ್ಲೊಬ್ಬನ ತಂದೆಯನ್ನೂ ಅಪರಾಧಿಗಳೆಂದು ಹೇಳಿತು. ಆ ವಯಸ್ಕನಿಗೆ 6 ವರ್ಷ ಸೆರೆಯಾಯಿತು. ಅಂಕಾರಾದ ದೃಶ್ಯ ಬಂದಾಗ ಫಿಫಾ ರೆಫರಿ ಸಮಿತಿಯ ಮುಖ್ಯಸ್ಥ ಪಿಯೆರ್‌ಲುಯಿಜಿ ಕೊಲ್ಲಿನಾ ಎಚ್ಚರಿಸಿದ್ದೂ ಇದನ್ನೇ: ಕ್ಯಾಮೆರಾಗಳೇ ಇಲ್ಲದ ಕೆಳಹಂತದ ಪಂದ್ಯಗಳಲ್ಲಿ ಸಾವಿರಾರು ರೆಫರಿಗಳು ಇಂಥದ್ದನ್ನು ಅನುಭವಿಸುತ್ತಿದ್ದಾರೆ.

ಮೆಲೆರ್ ಸೀಟಿ ಬಿಡಲಿಲ್ಲ. ಆರು ತಿಂಗಳ ನಂತರ 2024ರ ಯುರೋ ಕಪ್‌ಗೆ ಆಯ್ಕೆಯಾದ ರೆಫರಿಗಳಲ್ಲಿ ಅವರಿದ್ದರು. ಬೆಲ್ಜಿಯಂ ಮತ್ತು ಸ್ಲೊವಾಕಿಯಾ ಪಂದ್ಯವನ್ನು ನಡೆಸಿದರು, ಆಮೇಲೆ ಗೆಲ್ಸೆನ್‌ಕಿರ್ಶೆನ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಲೊವಾಕಿಯಾ ನಡುವಿನ ನಾಕೌಟ್ ಪಂದ್ಯವನ್ನೂ ನಡೆಸಿದರು. ಆ ಪಂದ್ಯದಲ್ಲೂ ಮುಂದಿದ್ದ ತಂಡದ ಗೆಲುವು 95ನೇ ನಿಮಿಷದ ಸಮಬಲದ ಗೋಲಿನಿಂದ ಕೈಜಾರಿತು, ಹೆಚ್ಚುವರಿ ಅವಧಿಯಲ್ಲಿ ಸ್ಲೊವಾಕಿಯಾ ಸೋತಿತು. ಆಟಗಾರರು ಅತ್ತರು, ಮನೆಗೆ ಹೋದರು. ಇತ್ತ ಮೆಲೆರ್ ಅವರದೇ ದೇಶದಲ್ಲಿ ರೆಫರಿಗಳ ಮೇಲಿನ ನಂಬಿಕೆ ಎಷ್ಟು ಕುಸಿದಿತ್ತೆಂದರೆ, 2025ರ ಫೆಬ್ರವರಿಯಲ್ಲಿ ಗಲಾತಸರಾಯ್ ಮತ್ತು ಫೆನರ್ಬಾಚೆ ನಡುವಿನ ಇಸ್ತಾಂಬುಲ್ ಡರ್ಬಿಗೆ ಸ್ಲೊವೇನಿಯಾದಿಂದ ರೆಫರಿ ಸ್ಲಾವ್ಕೊ ವಿನ್ಚಿಚ್ ಅವರನ್ನು ಕರೆಸಬೇಕಾಯಿತು.

ಇದೇ ಏಟು ನಮ್ಮಲ್ಲಿ ಬಿದ್ದರೆ

ಭಾರತದಲ್ಲಿ ರೆಫರಿ, ಅಂಪೈರುಗಳನ್ನು ಸಾರ್ವಜನಿಕ ಸೇವಕರೆಂದು ಭಾವಿಸುವ ಪ್ರತ್ಯೇಕ ಕೇಂದ್ರ ಕಾನೂನು ಇಲ್ಲ. ಇದರ ಫಲವೇನು ಎಂಬುದನ್ನು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್‌ಗಳನ್ನು ಹಿಡಿದು ನೋಡಬಹುದು. ಖಾಸಗಿ ಟೂರ್ನಿಯೊಂದರಲ್ಲಿ ಅಂಪೈರಿಗೆ ಯಾರಾದರೂ ಕಪಾಳಕ್ಕೆ ಹೊಡೆದರೆ ಅದು ಸೆಕ್ಷನ್ 115(2)ರ ಸಾಮಾನ್ಯ ಗಾಯ. ಗರಿಷ್ಠ 1 ವರ್ಷ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಅದು ಅಸಂಜ್ಞೇಯ ಅಪರಾಧ. ಠಾಣೆಯಲ್ಲಿ ಎನ್‌ಸಿಆರ್ (ಅಸಂಜ್ಞೇಯ ಅಪರಾಧದ ವರದಿ) ಬರೆದುಕೊಳ್ಳುತ್ತಾರೆ, ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ತನಿಖೆ ನಡೆಯುವುದಿಲ್ಲ. ಅದೇ ಕಪಾಳಮೋಕ್ಷ ಕರ್ತವ್ಯದಲ್ಲಿರುವ ಕೆಎಸ್‌ಆರ್‌ಟಿಸಿ ಕಂಡಕ್ಟರಿಗೆ ಬಿದ್ದರೆ, ಅವರು ಸಾರ್ವಜನಿಕ ಸೇವಕರಾದ್ದರಿಂದ ಸೆಕ್ಷನ್ 132 ಅಥವಾ 121 ಅನ್ವಯಿಸುತ್ತದೆ. ಪೊಲೀಸರು ನೇರ ಎಫ್‌ಐಆರ್ ಹಾಕಬಹುದು. ಅಂಪೈರಿನ ಮೂಳೆ ಮುರಿದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಮೂಳೆ ಮುರಿತ ನಮ್ಮಲ್ಲೂ ತೀವ್ರ ಗಾಯ. ಸೆಕ್ಷನ್ 117(2)ರಡಿ 7 ವರ್ಷದವರೆಗೆ ಶಿಕ್ಷೆ, ಸಂಜ್ಞೇಯ ಕೂಡ. ಅಂದರೆ ರಕ್ಷಣೆ ಗಟ್ಟಿಯಾಗಲು ಅವನು ಮೊದಲು ಮೂಳೆ ಮುರಿಸಿಕೊಳ್ಳಬೇಕು.

2022ರ ಮೇ 17ರಂದು ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಕುಸ್ತಿ ಆಯ್ಕೆ ಸ್ಪರ್ಧೆ ನಡೆದಾಗ, 125 ಕಿಲೋ ಫೈನಲ್‌ನಲ್ಲಿ 3–3 ಆಗಿ ನಿಯಮದ ಪ್ರಕಾರ ಸೋತ ವಾಯುಪಡೆಯ ಕುಸ್ತಿಪಟು ಸತೇಂದರ್ ಮಲಿಕ್ ಹಿರಿಯ ರೆಫರಿ ಜಗಬೀರ್ ಸಿಂಗ್ ಅವರ ಮೇಲೆ ಕೈ ಮಾಡಿದರು. ಕುಸ್ತಿ ಫೆಡರೇಷನ್ ಕೂಡಲೇ ಆಜೀವ ನಿಷೇಧ ಹೇರಿತು. ಸುದ್ದಿಯೂ ಅಲ್ಲಿಗೇ ಮುಗಿಯಿತು. ಏಟನ್ನು ಸಂಘದ ಮನೆಯೊಳಗಿನ ವಿಷಯವೆಂದು ನೋಡುವುದು ನಮಗೆ ಅಭ್ಯಾಸವಾಗಿದೆ.

ಒಂದು ವೃತ್ತಿಗೆ ಪ್ರತ್ಯೇಕ ರಕ್ಷಣೆ ಕೊಡುವುದು ನಮಗೆ ಹೊಸದೇನಲ್ಲ. ವೈದ್ಯರು, ನರ್ಸುಗಳ ಮೇಲೆ ಹಲ್ಲೆ ಹೆಚ್ಚಿದಾಗ ಕರ್ನಾಟಕ 2009ರಲ್ಲೇ ವೈದ್ಯಕೀಯ ಸೇವಾ ಸಿಬ್ಬಂದಿ ಮೇಲಿನ ಹಿಂಸೆಯನ್ನು ನಿಷೇಧಿಸುವ ಕಾಯ್ದೆ ತಂದಿತು. ಖಾಸಗಿ ಆಸ್ಪತ್ರೆಯ ವೈದ್ಯರಿಗೂ ಅದರ ನೆರಳಿದೆ. ಮಾನ್ಯತೆ ಪಡೆದ ಪಂದ್ಯಗಳ ರೆಫರಿಗಳಿಗೂ ಇಂಥದ್ದೇ ಒಂದು ಸಾಲು ಬೇಕು, ಅದು ರಾಜ್ಯದ ಕೈಯಲ್ಲೇ ಇದೆ. ಏಕೆಂದರೆ ಇಂದಿನ ಸ್ಥಿತಿ ವಿಚಿತ್ರ. ಶಾಲಾ ಇಲಾಖೆಯ ತಾಲ್ಲೂಕು ಕ್ರೀಡಾಕೂಟದಲ್ಲಿ ಕಬಡ್ಡಿ ರೆಫರಿಯಾಗಿ ನಿಲ್ಲುವವರು ಬಹುತೇಕ ಸರ್ಕಾರಿ ದೈಹಿಕ ಶಿಕ್ಷಣ ಶಿಕ್ಷಕರು. ಅಲ್ಲಿ ಅವರ ಮೇಲೆ ಕೈ ಮಾಡಿದರೆ ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲಿನ ಹಲ್ಲೆಯೆಂದು ದೂರು ಕೊಡಬಹುದು. ಅದೇ ಶಿಕ್ಷಕರು ಭಾನುವಾರ ಊರ ಯುವಕ ಸಂಘದ ಹೊನಲು ಬೆಳಕಿನ ಕಬಡ್ಡಿಗೆ ಸೀಟಿ ಹಿಡಿದರೆ ಆ ರಕ್ಷಣೆ ಇಲ್ಲ. ಅಂಥ ರಾತ್ರಿ ಏಟು ಬಿದ್ದರೆ ಸಂಘಟಕರು ಮಾಡಿಸುವ ರಾಜಿಗೆ ಕೂರುವ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಗಾಯವನ್ನು ಎಂಎಲ್‌ಸಿ (ವೈದ್ಯಕೀಯ-ಕಾನೂನು ಪ್ರಕರಣ) ದಾಖಲೆಯಲ್ಲಿ ಬರೆಸಬೇಕು, ಮೊಬೈಲಿನಲ್ಲಿ ತೆಗೆದವರಿಂದ ವಿಡಿಯೊ ಪಡೆದು ಇಟ್ಟುಕೊಳ್ಳಬೇಕು, ಠಾಣೆಯ ದೂರಿನಲ್ಲಿ ಬೆದರಿಕೆಯ ಮಾತುಗಳನ್ನು ಕೇಳಿದಂತೆಯೇ ಬರೆಯಬೇಕು. ಸಂಘಕ್ಕೆ ಕೊಡುವ ಪಂದ್ಯದ ವರದಿ ಬೇರೆಯೇ ಇರಲಿ. ಅದರಲ್ಲಿ ತನ್ನ ತೀರ್ಪಿಗೆ ಸಮರ್ಥನೆ ಬರೆಯಬೇಕಾಗಿ ಬರಬಹುದು, ಪೊಲೀಸ್ ದೂರಿನಲ್ಲಿ ಅದರ ಅಗತ್ಯ ಒಂದು ಸಾಲಿನಷ್ಟೂ ಇಲ್ಲ.